ತಿರಸ್ಕೃತ ಅರ್ಜಿಯ ಜಾಡು ಹಿಡಿದು: ಅರಣ್ಯ ಹಕ್ಕು ಪ್ರಕರಣ ಮತ್ತು ಮಲೆನಾಡು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಕಾಡಂಚಿನ ಅನೇಕ ಮನೆಗಳಲ್ಲಿ ಪಹಣಿಯಷ್ಟೇ ಜೋಪಾನವಾಗಿ ಎತ್ತಿಟ್ಟ ಇನ್ನೊಂದು ಕಾಗದವಿರುತ್ತದೆ: ಅರಣ್ಯ ಹಕ್ಕು ಕೋರಿದ ಅರ್ಜಿ ತಿರಸ್ಕೃತವಾಗಿದೆ ಎಂಬ ಹಿಂಬರಹ. ಬಹುಕಾಲ ಯಾರೂ ತಿರುಗಿ ನೋಡದ ಆ ಕಾಗದಕ್ಕೆ 2019ರ ಫೆಬ್ರುವರಿಯಲ್ಲಿ ಒಮ್ಮೆಲೇ ಜೀವ ಬಂದದ್ದು ಸುಪ್ರೀಂ ಕೋರ್ಟಿನ ಒಂದು ಆದೇಶದಿಂದ.

ಅರಣ್ಯ ಒತ್ತುವರಿಗಳನ್ನು ತೆರವುಗೊಳಿಸುವಂತೆ ಕೇಂದ್ರ ಪರಿಸರ ಸಚಿವಾಲಯ 2002ರ ಮೇ ತಿಂಗಳಲ್ಲಿ ರಾಜ್ಯಗಳಿಗೆ ಪತ್ರ ಬರೆದಾಗ ದೇಶದ ಹಲವೆಡೆ ಕಾಡಿನ ಜನ ಒಕ್ಕಲೆದ್ದರು. ಅದರ ವಿರುದ್ಧದ ಹೋರಾಟದ ಫಲವೇ, ಕಾಡಿನ ಜನರಿಗೆ ತಾವು ಅನುಭವಿಸುತ್ತಿರುವ ಭೂಮಿಯ ಮೇಲೆ ಹಕ್ಕು ಕೊಡುವ 2006ರ ಅರಣ್ಯ ಹಕ್ಕು ಕಾಯ್ದೆ. ಕಾಡಿನ ಜನರಿಗೆ ಚಾರಿತ್ರಿಕ ಅನ್ಯಾಯವಾಗಿದೆ ಎಂದು ಅದರ ಪೀಠಿಕೆಯೇ ಒಪ್ಪಿಕೊಳ್ಳುತ್ತದೆ. ಕಾಯ್ದೆ ಜಾರಿಗೆ ಬಂದ ಬೆನ್ನಿಗೇ, 2008ರಲ್ಲಿ, ಬೆಂಗಳೂರಿನ ವನ್ಯಜೀವಿ ಸಂರಕ್ಷಣಾ ಸಂಸ್ಥೆ ವೈಲ್ಡ್‌ಲೈಫ್ ಫಸ್ಟ್ ಮತ್ತಿತರರು ಅದರ ಸಿಂಧುತ್ವವನ್ನೇ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಭೂಮಿ ರಾಜ್ಯಗಳ ವಿಷಯವಾದ್ದರಿಂದ ಸಂಸತ್ತಿಗೆ ಇಂಥ ಕಾಯ್ದೆ ಮಾಡುವ ಅಧಿಕಾರವಿಲ್ಲ ಎಂಬುದು ಅವರ ಒಂದು ವಾದ. ಕಾಡು ಚೂರುಚೂರಾಗುತ್ತದೆ ಎಂಬುದು ಇನ್ನೊಂದು. ಎರಡನೆಯದನ್ನು ಮಲೆನಾಡಿನಲ್ಲಿ ಕೂತು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಆದರೆ ವರ್ಷಗಳು ಕಳೆದಂತೆ ಪ್ರಕರಣದ ಪ್ರಶ್ನೆಯೇ ಜರುಗಿತು. ಕಾಯ್ದೆ ಸಿಂಧುವೇ ಎಂಬುದು ಹಿಂದೆ ಸರಿದು, ಅರ್ಜಿ ತಿರಸ್ಕೃತವಾದವರನ್ನು ಏನು ಮಾಡಿದಿರಿ ಎಂಬುದು ಮುಂದೆ ಬಂತು. 2019ರ ಫೆಬ್ರುವರಿ 13ರಂದು, ತಿರಸ್ಕಾರ ಅಂತಿಮಗೊಂಡ ಕಡೆ ಜುಲೈ 24ರ ವಿಚಾರಣೆಯೊಳಗೆ ತೆರವು ನಡೆಯಬೇಕೆಂದು ನ್ಯಾಯಾಲಯ ಹೇಳಿತು. ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದವರ 35,521 ಅರ್ಜಿಗಳೂ ಇತರ ಪಾರಂಪರಿಕ ಅರಣ್ಯವಾಸಿಗಳ 1,41,019 ಅರ್ಜಿಗಳೂ ತಿರಸ್ಕೃತವಾಗಿದ್ದವೆಂದು ಆ ಆದೇಶದಲ್ಲೇ ಇದೆ. ಕೇಂದ್ರದ ಮನವಿಯ ಮೇರೆಗೆ ಫೆಬ್ರುವರಿ 28ರಂದು ಅದಕ್ಕೆ ತಡೆ ಬಿತ್ತು. ತಿರಸ್ಕಾರ ಹೇಗೆ ನಡೆಯಿತು, ಅರ್ಜಿದಾರರಿಗೆ ಸಾಕ್ಷ್ಯ ಒದಗಿಸುವ ಅವಕಾಶವಿತ್ತೇ ಎಂಬುದನ್ನು ರಾಜ್ಯಗಳು ಪ್ರಮಾಣಪತ್ರದಲ್ಲಿ ತಿಳಿಸಬೇಕಾಯಿತು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಮೊದಲೇ ಕೇಳಬೇಕಿದ್ದ ಪ್ರಶ್ನೆ ಇದು.

ತಿರಸ್ಕೃತ ಅರ್ಜಿಗಳ ಆ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಮಲೆನಾಡಿನ ಕಥೆಯಿದೆ. ಹಸಲರು, ಗೌಡಲು, ಮಲೆಕುಡಿಯರಂಥ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಅನುಭವವನ್ನು ತೋರಿಸಿದರೆ ಸಾಕು. ದೀವರೂ ಸೇರಿದಂತೆ ಉಳಿದವರು, ಅಂದರೆ ‘ಇತರ ಪಾರಂಪರಿಕ ಅರಣ್ಯವಾಸಿಗಳು’, ಅಲ್ಲಿಂದ ಹಿಂದಕ್ಕೆ ಮೂರು ತಲೆಮಾರು, ತಲೆಗೆ 25 ವರ್ಷದಂತೆ 75 ವರ್ಷ, ಅಂದರೆ 1930ರವರೆಗಿನ ವಾಸವನ್ನು ರುಜುವಾತುಪಡಿಸಬೇಕು. ಶರಾವತಿ ಮುಳುಗಡೆಯಿಂದ ಎದ್ದುಬಂದು ಕಾಡಿನ ಜಾಗದಲ್ಲಿ ಬದುಕು ಕಟ್ಟಿಕೊಂಡವರಿಗಂತೂ ಈ ಲೆಕ್ಕ ಮತ್ತೂ ತೊಡಕಿನದು: ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದೇ 1964ರಲ್ಲಿ, ಹಳೆಯ ಊರಿನ ಗುರುತುಗಳೆಲ್ಲ ನೀರಿನಡಿಯಲ್ಲಿ.

ಹಾಗೆಂದು ಕಾಯ್ದೆಯ ನಿಯಮಗಳು ಬರೀ ಸರ್ಕಾರಿ ಕಾಗದವನ್ನೇ ಕೇಳುವುದಿಲ್ಲ. ಹಳೆಯ ಬಾವಿ, ಸಮಾಧಿ, ದೇವರ ಬನ, ಅರ್ಜಿದಾರನಲ್ಲದ ಹಿರಿಯರೊಬ್ಬರ ಬರಹಕ್ಕಿಳಿಸಿದ ಹೇಳಿಕೆ, ಇವೂ ಸಾಕ್ಷ್ಯವೆಂದು 13ನೆಯ ನಿಯಮ ಹೇಳುತ್ತದೆ. ಇಂಥದೇ ದಾಖಲೆ ಬೇಕೆಂದು ಅರ್ಜಿಗಳನ್ನು ಪರಿಶೀಲಿಸುವ ಉಪವಿಭಾಗ ಸಮಿತಿಯಾಗಲಿ ಜಿಲ್ಲಾ ಸಮಿತಿಯಾಗಲಿ ಪಟ್ಟು ಹಿಡಿಯಬಾರದೆಂದು 2012ರ ತಿದ್ದುಪಡಿ ಸ್ಪಷ್ಟಪಡಿಸಿತು. ಹೀಗಿರುವಾಗ ‘75 ವರ್ಷದ ದಾಖಲೆ ಇಲ್ಲ’ ಎಂಬ ಒಂದೇ ಸಾಲಿನ ಹಿಂಬರಹ ಕೈಗೆ ಬಂದವರು ಮೊದಲು ತೆಗೆಸಿ ಓದಬೇಕಾದದ್ದು ಅರ್ಜಿಯನ್ನು ಮೊದಲು ಪರಿಶೀಲಿಸುವ ತಮ್ಮ ಗ್ರಾಮಸಭೆಯ ನಡಾವಳಿಯನ್ನು ಮತ್ತು ಸ್ಥಳ ಮಹಜರನ್ನು. ಹಿತ್ತಲಿನಾಚೆಯ ಅಜ್ಜನ ಸಮಾಧಿ ಅದರಲ್ಲಿ ನಮೂದಾಗಿದೆಯೇ ಎಂದು.