ಐಸ್ ನೀರಿನ ಮೀನು, ದಾವಣಗೆರೆಯ ಡಬ್ಬಿ

ಏಪ್ರಿಲ್ ಬಂತು ಅಂದರೆ ನಮ್ಮ ದಾವಣಗೆರೆ ಮನೆಯಲ್ಲಿ ಮೀನೆಣ್ಣೆ ಗುಳಿಗೆಗಳು ಡಬ್ಬಿಯೊಳಗೇ ಒಂದಕ್ಕೊಂದು ಅಂಟಿಕೊಂಡು ಕೂರುತ್ತವೆ. ಉಗುರಿನಿಂದ ಬಿಡಿಸಬೇಕು. ಒಂದು ಒಡೆಯಿತೋ, ಸಂಜೆವರೆಗೆ ಕೈಯ ವಾಸನೆ ಹೋಗುವುದಿಲ್ಲ.

ಡಬ್ಬಿಯ ಮೇಲೆ ಕಾಡ್ ಲಿವರ್ ಆಯಿಲ್ ಅಂತ ಇರುತ್ತದೆ. ನಮ್ಮ ಕಾಡಿಗೂ ಇದಕ್ಕೂ ಸಂಬಂಧ ಇಲ್ಲ; ಕಾಡ್ ಅನ್ನುವುದು ಉತ್ತರ ಅಟ್ಲಾಂಟಿಕ್ ಸಮುದ್ರದ ಮೀನು. ಗದ್ದದ ಕೆಳಗೆ ಒಂದೇ ಒಂದು ಮೀಸೆ. ಏಡಿ, ಸಿಗಡಿ, ಸಣ್ಣ ಮೀನು, ಕೊನೆಗೆ ತನ್ನದೇ ಜಾತಿಯ ಮರಿಗಳನ್ನೂ ಬಿಡುವುದಿಲ್ಲ.

ಸಮುದ್ರದ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲ, ಹೆಚ್ಚುಕಮ್ಮಿ ಮೈನಸ್ 1.9ರ ತನಕ ನೀರಾಗಿಯೇ ಇರುತ್ತದೆ. ಮೀನಿನ ರಕ್ತದಲ್ಲಿ ಉಪ್ಪು ಕಡಿಮೆ. ಹಾಗಾದರೆ ಸುತ್ತಲಿನ ನೀರಿಗಿಂತ ಮೊದಲು ಒಳಗಿನ ರಕ್ತವೇ ಐಸ್ ಆಗಬೇಕಿತ್ತು, ಅಲ್ವಾ? ಅದಕ್ಕೇ ಚಳಿಗಾಲದಲ್ಲಿ ಕಾಡ್ ರಕ್ತಕ್ಕೆ ಒಂದು ಬಗೆಯ ಪ್ರೋಟೀನ್ ಬಿಡುತ್ತದೆ. ಅದು ಐಸನ್ನು ಕರಗಿಸುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಹರಳು ಹುಟ್ಟಿದ ಕೂಡಲೇ ಅದರ ಮೈಗೆ ಅಂಟಿಕೊಂಡು, ಬೆಳೆಯದ ಹಾಗೆ ತಡೆಯುತ್ತದೆ, ಅಷ್ಟೇ. ಅಂಟಾರ್ಕ್ಟಿಕದ ಕೆಲವು ಮೀನುಗಳಲ್ಲೂ ಇಂಥದ್ದೇ ಪ್ರೋಟೀನ್ ಇದೆ. ಹತ್ತಿರದ ನೆಂಟಸ್ತಿಕೆ ಏನೂ ಇಲ್ಲ. ಭೂಮಿಯ ಎರಡು ತುದಿಗಳಲ್ಲಿ ಅವು ಬೇರೆ ಬೇರೆಯಾಗಿಯೇ ಈ ದಾರಿ ಹಿಡಿದಿವೆ.

ನನಗೆ ಇನ್ನೂ ಜಾಸ್ತಿ ಹಿಡಿಸಿದ್ದು ಲಿವರ್ ವಿಷಯ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಕರಾವಳಿಯಿಂದ ಇಲ್ಲಿಗೆ ಬರುವ ಬಂಗುಡೆ, ಬೂತಾಯಿಗಳಿಗೆ ಕೊಬ್ಬು ಮಾಂಸದಲ್ಲೇ ಇರುತ್ತದೆ, ಹುರಿಯುವಾಗ ಎಣ್ಣೆ ಬಿಡುವುದು ಅದಕ್ಕೇ. ಕಾಡ್ ಬಹುಪಾಲು ಕೊಬ್ಬನ್ನು ಲಿವರ್‌ನಲ್ಲಿ ಕೂಡಿಡುತ್ತದೆ. ಮಾಂಸದಲ್ಲಿ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಕೊಬ್ಬಿದ್ದರೆ ತಾನೇ ಕಮಟು ಹಿಡಿಯುವುದು? ನಾರ್ವೆಯ ಲೋಫೋಟೆನ್ ದ್ವೀಪಗಳಲ್ಲಿ ಫೆಬ್ರವರಿಯಿಂದ ಮೇ ತನಕ ಇದನ್ನು ಎರಡೆರಡು ಸೇರಿಸಿ ಬಾಲ ಕಟ್ಟಿ, ಮರದ ಗಳಗಳ ಮೇಲೆ ನೇತುಹಾಕುತ್ತಾರೆ. ಉಪ್ಪು ಹಾಕುವುದಿಲ್ಲ, ತಣ್ಣನೆ ಗಾಳಿಯೇ ಒಣಗಿಸುತ್ತದೆ. ಕಟ್ಟಿಗೆಯಷ್ಟು ಗಟ್ಟಿಯಾದ ಆ ಮೀನು ವರ್ಷಗಟ್ಟಲೆ ಕೆಡುವುದಿಲ್ಲ. ನಮ್ಮೂರಲ್ಲಿ ಹಾಗೆ ಸುಮ್ನೆ ತೂಗುಹಾಕಿದರೆ ಅರ್ಧ ದಿನಕ್ಕೆ ನೊಣ ಮುತ್ತಿ, ಓಣಿಯವರೆಲ್ಲ ಜಗಳಕ್ಕೆ ಬಂದಾರು.

ದೊಡ್ಡ ಹೆಣ್ಣು ಮೀನು ಒಂದು ಸಲಕ್ಕೆ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಆದರೂ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡಲಲ್ಲಿ ಬಾಚಿ ಬಾಚಿ ಹಿಡಿದು, 1992ರ ಜುಲೈನಲ್ಲಿ ಅಲ್ಲಿನ ಸರ್ಕಾರ ಕಾಡ್ ವ್ಯಾಪಾರದ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ನಮ್ಮ ಕೆರೆಗಳ ಕಾಟ್ಲಾ ಎರಡು ವರ್ಷಕ್ಕೆಲ್ಲ ಬಲಿಯುತ್ತದೆ. ಆ ಚಳಿ ನೀರಲ್ಲಿ ಕಾಡ್ ಬಲಿಯಲು ಐದಾರು ವರ್ಷವೇ ಬೇಕು. ಆ ನಿಷೇಧ ತೆಗೆದದ್ದು 2024ರಲ್ಲಿ.