ಉದ್ಯೋಗ ತರ್ತೀವಿ ಅಂತೀರಲ್ಲ, ಎಲ್ಲಿಂದ?

ಮಿನ್ನೆಸೋಟದಲ್ಲಿ ಕೌಂಟಿ ಕಮಿಷನರ್ ಆಗಲು ನಾಮಪತ್ರದ ಶುಲ್ಕ ಬರೀ 50 ಡಾಲರ್. ಅಮೆರಿಕದ ಪೌರತ್ವ ಇರಬೇಕು, 21 ವರ್ಷ ತುಂಬಿರಬೇಕು, ಚುನಾವಣೆಗೆ 30 ದಿನ ಮುಂಚಿನಿಂದ ಆ ಕ್ಷೇತ್ರದಲ್ಲಿ ವಾಸವಿರಬೇಕು. ಮತಪತ್ರದಲ್ಲಿ ಪಕ್ಷದ ಹೆಸರೂ ಇರುವುದಿಲ್ಲ. ಹಾಗಾಗಿ ನಮ್ಮ ಕನ್ನಡ ಕೂಟದ ಊಟದ ಪಂಕ್ತಿಯಲ್ಲೂ ಒಬ್ಬರಲ್ಲ ಒಬ್ಬರು "ನಾನೂ ಯಾಕೆ ನಿಲ್ಲಬಾರದು ಸರ್?" ಅಂತ ಕೇಳುತ್ತಾರೆ. ಖಂಡಿತ ನಿಲ್ಲಿ. ನಾನು ಸ್ಥಳೀಯ ಸರ್ಕಾರಗಳ ಲೆಕ್ಕಪತ್ರ ನೋಡುವವನು. ಅದಕ್ಕೇ ಇಂಥವರು ತಮ್ಮ ಪ್ರಚಾರದ ಕರಪತ್ರವನ್ನು ನನಗೂ ಒಮ್ಮೆ ತೋರಿಸುತ್ತಾರೆ. ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದು ಸಾಲು ಇದ್ದೇ ಇರುತ್ತದೆ: ಗೆದ್ದರೆ ಕೌಂಟಿಗೆ ಉದ್ಯೋಗ ತರುತ್ತೇನೆ. ನಾನು ಕೇಳುವುದು ಒಂದೇ. ಎಲ್ಲಿಂದ ತರ್ತೀರಿ?

ಊರಿನಲ್ಲಿರುವ ಓದುಗರಿಗೆ ಒಂದು ಮಾತು. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ ಅಂದುಕೊಳ್ಳಬಹುದು, ಆದರೆ ಅಲ್ಲಿ ಡಿಸಿ ಸಾಹೇಬರಿಲ್ಲ. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಸುಮಾರು ಒಂದು ಕೋಟಿ ಜನ. ಟೆಕ್ಸಸ್‌ನ ಲವಿಂಗ್ ಕೌಂಟಿಯಲ್ಲಿ 2020ರ ಜನಗಣತಿ ಪ್ರಕಾರ 64 ಜನ! ಮಿನ್ನೆಸೋಟದಲ್ಲಿ 87 ಕೌಂಟಿಗಳಿವೆ. ಕೌಂಟಿ ನಡೆಸುವುದು ಚುನಾಯಿತ ಕಮಿಷನರ್‌ಗಳ ಬೋರ್ಡು; ಸಾಮಾನ್ಯವಾಗಿ ಐದು ಜನ, ಕೆಲವು ಕಡೆ ಏಳು. ನಮ್ಮ ಜಿಲ್ಲಾ ಪಂಚಾಯಿತಿ ರಾಜ್ಯದ ಅನುದಾನ ಕಾಯುತ್ತಾ ಕೂರುತ್ತದೆ. ಇಲ್ಲಿನ ಬೋರ್ಡಿಗೂ ರಾಜ್ಯದ ದುಡ್ಡು ಬರುತ್ತದೆ, ಜೊತೆಗೆ ಪ್ರಾಪರ್ಟಿ ಟ್ಯಾಕ್ಸ್ ಹಾಕುವ ಅಧಿಕಾರವೂ ಇದೆ. ದೊಡ್ಡ ಖರ್ಚೆಲ್ಲ ಸಮಾಜ ಕಲ್ಯಾಣ, ರಸ್ತೆ, ಶೆರಿಫ್ (ಕೌಂಟಿಯ ಪೊಲೀಸ್), ಜೈಲಿಗೆ ಹೋಗುತ್ತದೆ. ಆರ್ಥಿಕ ಅಭಿವೃದ್ಧಿ ಅನ್ನುವ ತಲೆಬರಹದ ಕೆಳಗೆ ಇರುವ ದುಡ್ಡು ಕಡಿಮೆ. ಅದರ ಅಸಲಿ ಖರ್ಚು ಇರುವುದು ಬೇರೆ ಕಡೆ: ಬಾರದೇ ಹೋದ ತೆರಿಗೆಯಲ್ಲಿ.

ಒಂದು ಕಂಪನಿ ಬರುತ್ತೇನೆ ಅನ್ನುತ್ತದೆ, ತೆರಿಗೆ ರಿಯಾಯಿತಿ ಕೇಳುತ್ತದೆ. ಮಿನ್ನೆಸೋಟದಲ್ಲಿ ಕೌಂಟಿ, ಸಿಟಿ, ಶಾಲಾ ಮಂಡಳಿ ಮೂವರೂ ತಂತಮ್ಮ ಪಾಲನ್ನಷ್ಟೇ ಬಿಟ್ಟುಕೊಡಬಹುದು, ಸಾಮಾನ್ಯವಾಗಿ 15 ವರ್ಷದವರೆಗೆ. ನೆರವು 1,50,000 ಡಾಲರ್ ದಾಟಿದರೆ ಸಾರ್ವಜನಿಕ ಸಭೆ ಕರೆಯಲೇಬೇಕು. ಎಷ್ಟು ಕೆಲಸ, ಎಷ್ಟು ಸಂಬಳ ಅನ್ನುವ ಗುರಿ ಒಪ್ಪಂದದಲ್ಲಿ ಇರಬೇಕು. ಗುರಿ ಮುಟ್ಟದಿದ್ದರೆ ಕಂಪನಿ ದುಡ್ಡನ್ನು ಬಡ್ಡಿ ಸಮೇತ ವಾಪಸ್ ಕೊಡಬೇಕು. ಕಾನೂನು ಚೆನ್ನಾಗಿಯೇ ಇದೆ. ವಾಪಸ್ ಕೇಳುವ ಗುಂಡಿಗೆ ಬೋರ್ಡಿಗೆ ಇದೆಯಾ ಅನ್ನುವುದು ಬೇರೆ ಮಾತು.

ಇನ್ನೊಂದು ದಾರಿಗೆ ಇಲ್ಲಿ ಎಲ್ಲರೂ 'ಟಿಫ್' ಅನ್ನುತ್ತಾರೆ. ಹೊಸ ಕಟ್ಟಡದಿಂದ ಹೆಚ್ಚಾಗುವ ತೆರಿಗೆಯನ್ನು ಅದೇ ಜಾಗದ ಅಭಿವೃದ್ಧಿಗೆ ಕಟ್ಟಿಹಾಕುವ ವ್ಯವಸ್ಥೆ ಇದು. ಹಳೇ ಬಡಾವಣೆಯ ಪುನರಭಿವೃದ್ಧಿಯಾದರೆ 25 ವರ್ಷದವರೆಗೂ ನಡೆಯಬಹುದು. ಇದನ್ನು ಹೆಚ್ಚಾಗಿ ಮಾಡುವುದು ಸಿಟಿ, ಆದರೆ ಆ ಹೆಚ್ಚುವರಿಯಲ್ಲಿ ಕೌಂಟಿಯ ಪಾಲೂ ಶಾಲೆಯ ಪಾಲೂ ಸಿಕ್ಕಿಕೊಳ್ಳುತ್ತವೆ. ಅವರಿಬ್ಬರೂ ಅಭಿಪ್ರಾಯ ಹೇಳಬಹುದು, ತಡೆಯಲು ಆಗಲ್ಲ. "ಈ ನೆರವು ಇಲ್ಲದಿದ್ದರೆ ಇಲ್ಲಿ ಏನೂ ಏಳುತ್ತಿರಲಿಲ್ಲ" ಅಂತ ಸಿಟಿ ಬರವಣಿಗೆಯಲ್ಲಿ ಹೇಳಬೇಕು. ಆ ಪ್ಯಾರಾವನ್ನು ಯಾರು ಬೇಕಾದರೂ ಬರೆದುಬಿಡಬಹುದು. ಹೇಗಿದ್ದರೂ ಕಟ್ಟಡ ಏಳುವಂಥ ಹೆದ್ದಾರಿ ಪಕ್ಕದ ಮೂಲೆ ಜಾಗಕ್ಕೂ ಅದೇ ಪ್ಯಾರಾ ಕಂಡರೆ ನನಗಂತೂ ನಗು ಬರುತ್ತದೆ.

ಅಭ್ಯರ್ಥಿಗಳಿಗೆ ನಾನು ಹೇಳುವ ಮೊದಲ ಮನೆಕೆಲಸ: ಕೌಂಟಿಯ ವಾರ್ಷಿಕ ಹಣಕಾಸು ವರದಿಯನ್ನು ಅದರ ವೆಬ್‌ಸೈಟಿನಿಂದ ಇಳಿಸಿಕೊಳ್ಳಿ. ಮುನ್ನುಡಿ, ಬಣ್ಣದ ಚಾರ್ಟು ಎಲ್ಲ ಬಿಟ್ಟು ಟಿಪ್ಪಣಿಗಳಿಗೆ ಹೋಗಿ. 'ಟ್ಯಾಕ್ಸ್ ಅಬೇಟ್‌ಮೆಂಟ್', ಅಂದರೆ ತೆರಿಗೆ ರಿಯಾಯಿತಿ, ಅನ್ನುವ ಟಿಪ್ಪಣಿ ಹುಡುಕಿ. ಅಮೆರಿಕದ ರಾಜ್ಯ, ಸ್ಥಳೀಯ ಸರ್ಕಾರಗಳ ಲೆಕ್ಕಪತ್ರಕ್ಕೆ ನಿಯಮ ಮಾಡುವ ಗ್ಯಾಸ್ಬಿ (GASB) ಮಂಡಳಿಯ 77ನೇ ಲೆಕ್ಕ ನಿಯಮ 2015ರಲ್ಲಿ ಬಂತು. ಅಲ್ಲಿಂದೀಚೆಗೆ ಆ ವರ್ಷ ಎಷ್ಟು ತೆರಿಗೆ ಬಿಟ್ಟುಕೊಟ್ಟೆವು ಅನ್ನುವುದನ್ನು ಡಾಲರ್ ಲೆಕ್ಕದಲ್ಲಿ ತೋರಿಸಬೇಕು. ಅದಕ್ಕಿಂತ ಮುಖ್ಯ, ಬೇರೆ ಸರ್ಕಾರ ಮಾಡಿಕೊಂಡ ಒಪ್ಪಂದದಿಂದ ನಮಗೆ ಖೋತಾ ಆಗಿದ್ದರೆ ಅದನ್ನೂ ಬೇರೆಯಾಗಿ ಹೇಳಬೇಕು. ಎಲ್ಲ ಟಿಫ್‌ಗಳೂ ಈ ಟಿಪ್ಪಣಿಯೊಳಗೆ ಬರುವುದಿಲ್ಲ, ಅವನ್ನು ಪ್ರತ್ಯೇಕವಾಗಿ ಕೇಳಿ ಪಡೆಯಬೇಕು. ಆದರೂ ಕರಪತ್ರದಲ್ಲಿ ಇನ್ನಷ್ಟು ರಿಯಾಯಿತಿಯ ಭರವಸೆ ಕೊಡುವ ಮುಂಚೆ ಈಗಾಗಲೇ ಎಷ್ಟು ಹೋಗಿದೆ ಅಂತ ಗೊತ್ತಿರಬೇಕು ಅಲ್ವಾ?

ಈಗ 'ಎಲ್ಲಿಂದ' ಅನ್ನುವ ಪ್ರಶ್ನೆಗೆ ಬರೋಣ. ಕನ್ಸಾಸ್ ಸಿಟಿ ಮಹಾನಗರದ ಮಧ್ಯೆ ಎರಡು ರಾಜ್ಯಗಳ ಗಡಿ ಇದೆ. ಈ ಕಡೆ ಮಿಸೌರಿಯ ಜಾಕ್ಸನ್ ಕೌಂಟಿ, ಆ ಕಡೆ ಕನ್ಸಾಸ್‌ನ ಜಾನ್ಸನ್ ಕೌಂಟಿ. ಎರಡೂ ರಾಜ್ಯಗಳು ವರ್ಷಗಟ್ಟಲೆ ಪೈಪೋಟಿಗೆ ಬಿದ್ದು ಕಂಪನಿಗಳಿಗೆ ರಿಯಾಯಿತಿ ಕೊಟ್ಟವು. ಎಎಂಸಿ ಚಿತ್ರಮಂದಿರಗಳ ಕಂಪನಿ ತನ್ನ ಮುಖ್ಯ ಕಚೇರಿಯನ್ನು ಮಿಸೌರಿ ಬದಿಯ ನಗರ ಕೇಂದ್ರದಿಂದ ಗಡಿಯಾಚೆಯ ಲೀವುಡ್‌ಗೆ ಎತ್ತಿಕೊಂಡು ಹೋಯಿತು. ಒಂದು ಗಂಟೆಯೂ ಹಿಡಿಯದ ದೂರ. ಎಷ್ಟೋ ನೌಕರರು ಅದೇ ಮನೆಯಿಂದ, ಅದೇ ಕಾರಿನಲ್ಲಿ, ಬೇರೆ ಎಕ್ಸಿಟ್ ತಗೊಂಡು ಕೆಲಸಕ್ಕೆ ಹೋದರು. ಕನ್ಸಾಸ್‌ನ ಪಟ್ಟಿಯಲ್ಲಿ ಅವೆಲ್ಲ 'ಹೊಸ' ಉದ್ಯೋಗ. 2019ರಲ್ಲಿ ಎರಡೂ ರಾಜ್ಯಗಳು ಸಾಕಾಗಿ ಕದನವಿರಾಮಕ್ಕೆ ಒಪ್ಪಿದವು: ಗಡಿ ಕೌಂಟಿಗಳಲ್ಲಿ ಪಕ್ಕದವರ ಕಂಪನಿ ಎಳೆದುಕೊಳ್ಳಲು ರಾಜ್ಯದ ರಿಯಾಯಿತಿ ಕೊಡುವಂತಿರಲಿಲ್ಲ.

ಮಿನಿಯಾಪೊಲಿಸ್, ಸೇಂಟ್ ಪಾಲ್ ಅವಳಿ ನಗರಗಳ ಸುತ್ತ ನಾವು ಹಿಡಿದ ದಾರಿ ಬೇರೆ, ಹಳೆಯದೂ ಹೌದು. 1971ರಲ್ಲೇ ಮಿನ್ನೆಸೋಟ ಶಾಸನಸಭೆ ಏಳು ಕೌಂಟಿಗಳಿಗೆ ಒಂದು ಕಾನೂನು ಮಾಡಿತು. ಹೆನ್ನೆಪಿನ್, ರ‍್ಯಾಮ್ಸಿ, ಡಕೋಟಾ ಎಲ್ಲ ಇದರೊಳಗೆ ಬರುತ್ತವೆ. ಅಂಗಡಿ, ಕಚೇರಿ, ಕಾರ್ಖಾನೆಗಳ ತೆರಿಗೆ ಮೌಲ್ಯ ಅಲ್ಲಿಂದೀಚೆಗೆ ಎಷ್ಟು ಬೆಳೆದಿದೆಯೋ ಅದರ ಶೇ. 40 ಭಾಗ ಒಂದು ಸಾಮಾನ್ಯ ಹುಂಡಿಗೆ ಹೋಗುತ್ತದೆ. ಅಲ್ಲಿಂದ ಹಂಚಿಕೆ. ಜನಸಂಖ್ಯೆ ಜಾಸ್ತಿ ಇದ್ದು ತಲಾವಾರು ಆಸ್ತಿ ಮೌಲ್ಯ ಕಡಿಮೆ ಇದ್ದರೆ ಪಾಲು ಜಾಸ್ತಿ. ಉದಾಹರಣೆಗೆ ಒಂದು ಊರಿನಲ್ಲಿ ಈ ಮೌಲ್ಯ ನೂರು ಹೆಚ್ಚಿತು ಅನ್ನಿ. ಅರವತ್ತು ಅಲ್ಲೇ ಉಳಿಯುತ್ತದೆ, ನಲವತ್ತು ಎಲ್ಲರದ್ದು. ಈಡನ್ ಪ್ರೇರಿ, ಬ್ಲೂಮಿಂಗ್ಟನ್‌ನಂಥ ಊರುಗಳು ಪಡೆಯುವುದಕ್ಕಿಂತ ಕೊಡುವುದೇ ಹೆಚ್ಚು. ಸೇಂಟ್ ಪಾಲ್, ಬ್ರೂಕ್ಲಿನ್ ಸೆಂಟರ್ ಪಡೆಯುವ ಕಡೆ ಇವೆ. ಕೊಡುವ ಊರಿನವರು ಗೊಣಗುತ್ತಾರೆ. ಕೋರ್ಟಿಗೂ ಹೋದರು, 1974ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು. ನನಗೆ ಕೇಳಿದರೆ, ನ್ಯಾಯವಾದ ಪ್ರಾದೇಶಿಕ ಅಭಿವೃದ್ಧಿ ಅಂತ ಭಾಷಣ ಮಾಡುವವರಿಗೆ ಇಷ್ಟು ಗಟ್ಟಿಯಾದ ಉದಾಹರಣೆ ಇನ್ನೊಂದು ಸುಲಭಕ್ಕೆ ಸಿಗಲ್ಲ. ಪಕ್ಕದೂರಿನ ಮಾಲ್‌ನಿಂದ ನನಗೂ ಸ್ವಲ್ಪ ಬರುತ್ತದೆ ಅಂದಾಗ ಆ ಮಾಲನ್ನು ಎಳೆದುಕೊಳ್ಳುವ ಆತುರವೂ ಒಂದಿಷ್ಟು ತಗ್ಗುತ್ತದೆ.

ತೆರಿಗೆಯಷ್ಟೇ ಅಲ್ಲ, ಯಾವ ಜಮೀನಿನಲ್ಲಿ ಏನು ಕಟ್ಟಬಹುದು ಅನ್ನುವ ವಿಷಯವನ್ನೂ ಹಗುರವಾಗಿ ತಗೊಳ್ಳಬೇಡಿ. ವರ್ಜೀನಿಯಾದ ಪ್ರಿನ್ಸ್ ವಿಲಿಯಂ ಕೌಂಟಿಯಲ್ಲಿ ಡೇಟಾ ಸೆಂಟರ್‌ಗಳ ಪರ ನಿಂತಿದ್ದ ಬೋರ್ಡ್ ಅಧ್ಯಕ್ಷೆ 2023ರ ಜೂನ್‌ನಲ್ಲಿ ಅಭ್ಯರ್ಥಿಯನ್ನು ಆರಿಸುವ ಸ್ವಂತ ಪಕ್ಷದ ಪ್ರೈಮರಿ ಚುನಾವಣೆಯಲ್ಲೇ ಸೋತರು. ಆದರೂ ಅಧಿಕಾರಾವಧಿ ಮುಗಿಯುವ ಮುನ್ನ, ಡಿಸೆಂಬರ್‌ನಲ್ಲಿ, ಅದೇ ಬೋರ್ಡು ರಾತ್ರಿಯಿಡೀ ಅಹವಾಲು ಕೇಳಿ ಸುಮಾರು 2,100 ಎಕರೆಯ ಡೇಟಾ ಸೆಂಟರ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರ ಆಗಸ್ಟ್‌ನಲ್ಲಿ ಅಲ್ಲಿನ ನ್ಯಾಯಾಧೀಶರು ಆ ಒಪ್ಪಿಗೆಯನ್ನು ಅಸಿಂಧು ಅಂದರು. ಕಾರಣ, ಸಭೆಗೆ ಮುಂಚೆ ಕಾನೂನು ಪ್ರಕಾರ ಕೊಡಬೇಕಾದ ಸಾರ್ವಜನಿಕ ಪ್ರಕಟಣೆ ಸರಿಯಾಗಿ ಕೊಟ್ಟಿರಲಿಲ್ಲ.

ಹಾಗಾದರೆ ಕರಪತ್ರದಲ್ಲಿ ಏನು ಬರೆಯಬೇಕು? "ಯಾವ ರಿಯಾಯಿತಿಗೂ ವೋಟ್ ಹಾಕುವ ಮುಂಚೆ ಸಂಬಳ ಎಷ್ಟು, ಶಾಲೆಗೆ ಖೋತಾ ಎಷ್ಟು, ಕಂಪನಿ ಈಗ ಎಲ್ಲಿದೆ ಅಂತ ಸಭೆಯಲ್ಲೇ ಕೇಳುತ್ತೇನೆ" ಅಂತ ಬರೆಯಿರಿ. ಮನೆಮನೆ ಬಾಗಿಲು ತಟ್ಟುವಾಗ ಹೇಳಲು ಇದು ಸ್ವಲ್ಪ ಉದ್ದ, ನಿಜ. ಆದರೆ ಕೇಳಿದವರು ಮರುಪ್ರಶ್ನೆ ಹಾಕುತ್ತಾರೆ. ಆಗ ಮಾತು ಶುರುವಾಗುತ್ತದೆ.

ನಾಮಪತ್ರ ಸಲ್ಲಿಸಲು ಮೇ ಕೊನೆಯ ಹೊತ್ತಿಗೆ ಎರಡು ವಾರ ಸಮಯ ಇರುತ್ತದೆ. ಅದಕ್ಕೆ ಹಿಂದಿನ ಡಿಸೆಂಬರ್‌ನಲ್ಲಿ ಕೌಂಟಿ ಬೋರ್ಡು ಮುಂದಿನ ವರ್ಷದ ತೆರಿಗೆ, ಬಜೆಟ್ ಬಗ್ಗೆ ನಡೆಸುವ ಸಭೆಗೆ ಹೋಗಿ ಕೂತು ಬನ್ನಿ. ಸಭೆ ಸಂಜೆ ಆರರ ಮೇಲೆ ಇರುತ್ತದೆ, ನವೆಂಬರ್‌ನಲ್ಲಿ ನಿಮ್ಮ ಮನೆಗೆ ಬರುವ ತೆರಿಗೆ ನೋಟಿಸಿನಲ್ಲೇ ದಿನಾಂಕ ಇರುತ್ತದೆ. ನವೆಂಬರ್‌ನಲ್ಲಿ ಗೆದ್ದವರು ಕುರ್ಚಿಯಲ್ಲಿ ಕೂರುವುದು ಜನವರಿಯಲ್ಲಿ. ಅಷ್ಟರಲ್ಲಿ ಹಳೇ ಬೋರ್ಡು ಡಿಸೆಂಬರ್‌ನಲ್ಲೇ ಮುಂದಿನ ವರ್ಷದ ಬಜೆಟ್ ಪಾಸು ಮಾಡಿರುತ್ತದೆ. ಮೊದಲ ವರ್ಷ ಪೂರ್ತಿ ನೀವು ಓಡಿಸುವುದು ಅವರು ಬರೆದಿಟ್ಟ ಲೆಕ್ಕವನ್ನೇ.