ಇಪ್ಪತ್ತು ದಾಟಿದವರಿಗೆ ಜಾಗವಿಲ್ಲದ ತಂಡಕ್ಕೆ ಎಂಬತ್ತೆಂಟು ವರ್ಷದ ಇತಿಹಾಸ ಹೇಗೆ?

ಪ್ರಶ್ನೆ: ಕೆನಡಾದಲ್ಲಿರುವ ಮಗನ ಮನೆಗೆ ಹೋದಾಗ ಓಶಾವಾ ಎಂಬ ಊರಿನಲ್ಲಿ ಜೂನಿಯರ್ ಐಸ್ ಹಾಕಿ ಪಂದ್ಯ ನೋಡಿದೆವು. ಆಡುವವರೆಲ್ಲ ಮೀಸೆ ಚಿಗುರುತ್ತಿರುವ ಹುಡುಗರು. ತಂಡ ಮಾತ್ರ 1937ರದಂತೆ. ನಾಲ್ಕೈದು ವರ್ಷಕ್ಕೊಮ್ಮೆ ಇಡೀ ತಂಡವೇ ಖಾಲಿಯಾಗುತ್ತದೆ ಎಂದಮೇಲೆ ಅದು ಅದೇ ತಂಡ ಹೇಗಾಗುತ್ತದೆ? ಆ ಇತಿಹಾಸ ಯಾರದು?

ಉತ್ತರ: ಹಾಕಿ ಎಂದೊಡನೆ ಕೊಡಗಿನ ಮೈದಾನ ಕಣ್ಣಿಗೆ ಕಟ್ಟುವ ನಮಗೆ ಜೂನಿಯರ್ ಐಸ್ ಹಾಕಿಯ ಈ ಲೆಕ್ಕ ವಿಚಿತ್ರವಾಗಿಯೇ ಕಾಣುತ್ತದೆ. ಅದನ್ನು ಮೊದಲ ಸಲ ನೋಡಿದವರಲ್ಲಿ ಬಹಳ ಮಂದಿ ಕೇಳುವ ಪ್ರಶ್ನೆಯೂ ಇದೇ. ‘ತಂಡ ಆಟಗಾರರದ್ದಲ್ಲ, ಊರಿನದು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡಬಹುದು. ಅದು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲಿಗಾಗಿ ಓಶಾವಾ ಜನರಲ್ಸ್ ತಂಡದ ಕತೆಯನ್ನೇ ಹೇಳಬೇಕಾಗುತ್ತದೆ. ಏಕೆಂದರೆ ಆಟಗಾರರಿದ್ದೂ, ನೋಡುವ ಜನರಿದ್ದೂ ಒಂಬತ್ತು ವರ್ಷ ಇಲ್ಲವಾಗಿದ್ದ ತಂಡ ಅದು.

ಮೊದಲು ವಯಸ್ಸಿನ ವಿಷಯ ಮುಗಿಸೋಣ. ಜನರಲ್ಸ್ ಆಡುವುದು ಒಂಟಾರಿಯೋ ಹಾಕಿ ಲೀಗ್‌ನಲ್ಲಿ. ಕೆನಡಾದ ಮೂರು ಪ್ರಮುಖ ಜೂನಿಯರ್ ಲೀಗ್‌ಗಳಲ್ಲಿ ಇದೊಂದು. ಆಟಗಾರರು 16ರಿಂದ 20ರ ಪ್ರಾಯದವರು. ಅದರಲ್ಲೂ ಇಪ್ಪತ್ತಾದವರಿಗೆ ತಂಡವೊಂದರಲ್ಲಿ ಮೂರೇ ಜಾಗ. ಅದ್ಭುತವಾಗಿ ಆಡಿದವನು ಎನ್‌ಎಚ್‌ಎಲ್ ಎಂಬ ದೊಡ್ಡ ವೃತ್ತಿಪರ ಲೀಗ್‌ಗೆ ಇನ್ನೂ ಬೇಗ ಹೊರಟುಹೋಗುತ್ತಾನೆ. ಅಂದರೆ ಚೆನ್ನಾಗಿ ಆಡಿದಷ್ಟೂ ಬೇಗ ಕೈಬಿಟ್ಟುಹೋಗುವ ಹುಡುಗರನ್ನು ನಂಬಿ ತಂಡ ಕಟ್ಟಬೇಕು.

ಹೆಸರು ಕೇಳಿದವರು ಸೇನೆಯ ಜನರಲ್ ಎಂದುಕೊಳ್ಳುವುದು ಸಹಜ. ಅಲ್ಲ, ಅದು ಜನರಲ್ ಮೋಟರ್ಸ್‌ನ ಜನರಲ್. ಟೊರಾಂಟೊದ ಪೂರ್ವಕ್ಕೆ, ಒಂಟಾರಿಯೋ ಸರೋವರದ ದಂಡೆಯಲ್ಲಿರುವ ಓಶಾವಾ ಕುದುರೆಗಾಡಿಗಳ ಕಾಲದಿಂದಲೂ ವಾಹನ ತಯಾರಿಸಿದ ಊರು. ಮೆಕ್ಲಾಫ್ಲಿನ್ ಕುಟುಂಬದ ಗಾಡಿ ಕಾರ್ಖಾನೆ ಕಾರುಗಳಿಗೆ ಹೊರಳಿ, 1918ರಲ್ಲಿ ಕೆನಡಾದ ಜನರಲ್ ಮೋಟರ್ಸ್ ಆಯಿತು. 1937ರಲ್ಲಿ ಹುಟ್ಟಿದ ತಂಡಕ್ಕೆ ಅದೇ ಪ್ರಾಯೋಜಕ. ಅದೇ ವರ್ಷದ ಏಪ್ರಿಲ್‌ನಲ್ಲಿ ಆ ಕಾರ್ಖಾನೆಯ ಸುಮಾರು ನಾಲ್ಕು ಸಾವಿರ ಕಾರ್ಮಿಕರು ಎಂಟು ಗಂಟೆಯ ದುಡಿಮೆಗಾಗಿ, ಸಂಘದ ಮಾನ್ಯತೆಗಾಗಿ ಎರಡು ವಾರ ಮುಷ್ಕರ ಹೂಡಿದ್ದರು. ಒಂಟಾರಿಯೋ ಪ್ರಾಂತ್ಯದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಇದ್ದಂತೆ) ಮಿಚ್ ಹೆಪ್ಬರ್ನ್ ಅದನ್ನು ಮುರಿಯಲು ಹೊರಟು ಸೋತದ್ದು ಕೆನಡಾದ ಕಾರ್ಮಿಕ ಚರಿತ್ರೆಯ ದೊಡ್ಡ ಅಧ್ಯಾಯ. ವಸಂತದಲ್ಲಿ ಗೇಟಿನ ಮುಂದೆ ಕಂಪನಿಯ ವಿರುದ್ಧ ನಿಂತ ಊರು, ಚಳಿಗಾಲ ಬಂದಾಗ ಅದೇ ಕಂಪನಿಯ ಹೆಸರು ಹೊತ್ತ ಹುಡುಗರಿಗಾಗಿ ಕೂಗಿತು. ಇದರಲ್ಲಿ ವಿರೋಧಾಭಾಸ ಹುಡುಕುವವರು ಕಾರ್ಖಾನೆಯ ಊರುಗಳಲ್ಲಿ ಬಾಳಿದವರಲ್ಲ ಎಂದೇ ನನ್ನ ಅನಿಸಿಕೆ.

ಆರಂಭವೇ ಅಬ್ಬರದ್ದು. 1938ರಿಂದ 1944ರವರೆಗೆ ಸತತ ಏಳು ವರ್ಷ ಒಂಟಾರಿಯೋ ಪ್ರಶಸ್ತಿ ಇವರದೇ. ಕೆನಡಾದ ಜೂನಿಯರ್ ಹಾಕಿಯ ಪರಮ ಪ್ರಶಸ್ತಿ ಮೆಮೋರಿಯಲ್ ಕಪ್. ಮೊದಲ ಮಹಾಯುದ್ಧದಲ್ಲಿ ಮಡಿದವರ ನೆನಪಿಗೆಂದು 1919ರಲ್ಲಿ ಆರಂಭವಾದದ್ದು. ಅದನ್ನು 1939, 1940 ಮತ್ತು 1944ರಲ್ಲಿ ಗೆದ್ದರು.

ಆ ಕಾಲದ ಒಬ್ಬ ಹುಡುಗನ ಬಳಿ ಸ್ವಲ್ಪ ನಿಲ್ಲಬೇಕು. ಆಲ್ಬರ್ಟ್ ಟಿಲ್ಸನ್, ಎಲ್ಲರ ಬಾಯಲ್ಲಿ ‘ರೆಡ್’ ಟಿಲ್ಸನ್. 1942–43ರಲ್ಲಿ ಇಡೀ ಲೀಗ್‌ನಲ್ಲೇ ಹೆಚ್ಚು ಅಂಕ (ಹೊಡೆದ ಗೋಲು, ಗೋಲಿಗೆ ಕೊಟ್ಟ ನೆರವು ಎರಡೂ ಸೇರಿ) ಗಳಿಸಿದವನು. ಅಲ್ಲಿಂದ ಸೇನೆಗೆ ಹೋದ. 1944ರ ಅಕ್ಟೋಬರ್‌ನಲ್ಲಿ ಯುರೋಪಿನ ರಣರಂಗದಲ್ಲಿ ಸತ್ತಾಗ ಅವನಿಗೆ ಇಪ್ಪತ್ತು, ಅಂದರೆ ಇಂದಿನ ಲೆಕ್ಕದಲ್ಲಿ ಜೂನಿಯರ್ ಆಟಗಾರನಾಗಿಯೇ ಇರಬಹುದಾದ ವಯಸ್ಸು. ಮರುವರ್ಷದಿಂದ ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಪ್ರಶಸ್ತಿಗೆ ಅವನದೇ ಹೆಸರು. ಎರಿಕ್ ಲಿಂಡ್ರೋಸ್ 1991ರಲ್ಲಿ, ಜಾನ್ ಟವಾರೆಸ್ 2007ರಲ್ಲಿ ಓಶಾವಾ ಸಮವಸ್ತ್ರದಲ್ಲೇ ಅದನ್ನು ಪಡೆದರು. ಈ ತಂಡದಿಂದ ಬಂದವರಲ್ಲೇ ಹೆಸರಾಂತ ಬಾಬಿ ಓರ್‌ಗೆ ಮಾತ್ರ ಅದು ಸಿಗಲೇ ಇಲ್ಲ. ‘ಇತಿಹಾಸ ಯಾರದು’ ಎಂದು ನೀವು ಕೇಳಿದಿರಿ. ಟಿಲ್ಸನ್ ಆಟವನ್ನು ಕಣ್ಣಾರೆ ಕಂಡವರು ಇಂದು ಬೆರಳೆಣಿಕೆಯಷ್ಟೂ ಉಳಿದಿರಲಾರರು. ಆದರೂ ಪ್ರತಿ ವಸಂತದಲ್ಲಿ ಯಾವನೋ ಹದಿನೆಂಟರ ಹುಡುಗ ಆ ಹೆಸರನ್ನು ಕೈಯಲ್ಲಿ ಎತ್ತಿ ಹಿಡಿಯುತ್ತಾನೆ.

ಇನ್ನು ಆ ಒಂಬತ್ತು ವರ್ಷ. 1953ರ ಸೆಪ್ಟೆಂಬರ್‌ನಲ್ಲಿ, ಹೊಸ ಋತು ಇನ್ನೇನು ಶುರುವಾಗಬೇಕೆನ್ನುವಾಗ, ತಂಡ ಆಡುತ್ತಿದ್ದ ಹ್ಯಾಂಬ್ಲಿ ಅರೀನಾ ಬೆಂಕಿಗೆ ಆಹುತಿಯಾಯಿತು. ಫುಟ್‌ಬಾಲ್ ಆಗಿದ್ದರೆ ಪಕ್ಕದ ಶಾಲೆಯ ಬಯಲಿಗೆ ಹೋಗಿ ಆಡಬಹುದಿತ್ತು. ಐಸ್ ಹಾಕಿಗೆ ಸೂರು ಬೇಕು, ಹಿಮಗಟ್ಟಿಸುವ ಯಂತ್ರ ಬೇಕು, ಜನ ಟಿಕೆಟ್ ಕೊಂಡು ಕೂರುವ ಗ್ಯಾಲರಿ ಬೇಕು. ಹುಡುಗರು ಬೇರೆ ತಂಡಗಳಿಗೆ ಚದುರಿದರು. ಅಭಿಮಾನ ಎಷ್ಟಿದ್ದರೇನು, ಛಾವಣಿ ಇಲ್ಲದೆ ಜೂನಿಯರ್ ತಂಡವಿಲ್ಲ. ನಾನು ಹೇಳಿದ ಕಾಲು ಪಾಲು ಇದೇ.

ತಂಡ ಮತ್ತೆ ಕಣ್ಣು ಬಿಟ್ಟದ್ದು 1962ರಲ್ಲಿ. ಆಗಲೂ ಊರಿನಲ್ಲಿ ಅಂಗಣ ತಯಾರಿರಲಿಲ್ಲ, ಮೊದಲ ಋತುವಿನ ‘ತವರು’ ಪಂದ್ಯಗಳನ್ನು ಟೊರಾಂಟೊದ ಮೇಪಲ್ ಲೀಫ್ ಗಾರ್ಡನ್ಸ್‌ನಲ್ಲಿ ಆಡಬೇಕಾಯಿತು. ಊರಿನ ಸಿವಿಕ್ ಆಡಿಟೋರಿಯಂ ತೆರೆದದ್ದು 1964ರ ಕೊನೆಯಲ್ಲಿ. ನಿಜ ಹೇಳಬೇಕೆಂದರೆ ಈ ಮರುಹುಟ್ಟಿನ ಹಿಂದಿದ್ದದ್ದು ಓಶಾವಾದ ಹಂಬಲಕ್ಕಿಂತ ಹೆಚ್ಚಾಗಿ ಬಾಸ್ಟನ್‌ನ ಲೆಕ್ಕಾಚಾರ. ಆ ದಿನಗಳಲ್ಲಿ ಎನ್‌ಎಚ್‌ಎಲ್ ತಂಡಗಳು ಜೂನಿಯರ್ ತಂಡಗಳನ್ನು ಸಾಕುತ್ತಿದ್ದವು. ಸಾಕಿದವರಿಗೆ ಆ ಹುಡುಗರ ಮೇಲೆ ಹಕ್ಕು. ಬಾಸ್ಟನ್ ಬ್ರೂಯಿನ್ಸ್ ಪರವಾಗಿ ರೆನ್ ಬ್ಲೇರ್ ಎಂಬಾತ ಪ್ಯಾರಿ ಸೌಂಡ್ ಎಂಬ ಪುಟ್ಟ ಊರಿನ ಒಂದು ಮನೆಗೆ ಎಡತಾಕಿ, ಹದಿನಾಲ್ಕರ ಬಾಬಿ ಓರ್‌ನನ್ನು ಒಪ್ಪಿಸಿದ. ಒಪ್ಪಂದದಲ್ಲಿ ಅವರ ಮನೆಯ ಹೊರಗೋಡೆಗೆ ಹೊಸ ಗಾರೆ ಹಾಕಿಸಿಕೊಡುವ ಮಾತೂ ಇತ್ತು! ರಕ್ಷಣಾ ಆಟಗಾರನ ಕೆಲಸದ ಅರ್ಥವನ್ನೇ ಬದಲಿಸಿದವನ ಬೆಲೆಯಲ್ಲಿ ಗಾರೆಯೂ ಸೇರಿತ್ತೆಂದರೆ ಇಂದಿನವರಿಗೆ ನಗು ಬಂದೀತು.

ಮೊದಲ ವರ್ಷ ತಾಯಿಗೆ ಮಗನನ್ನು ಕಳುಹಿಸಲು ಮನಸ್ಸಿಲ್ಲ. ಅವನು ಮನೆಯಲ್ಲೇ ಇದ್ದು ಪಂದ್ಯಗಳಿಗೆ ಮಾತ್ರ ಕಾರಿನಲ್ಲಿ ಬಂದುಹೋಗುತ್ತಿದ್ದ. ತನಗಿಂತ ನಾಲ್ಕೈದು ವರ್ಷ ದೊಡ್ಡವರ ನಡುವೆ ಆಡಿ ಬೆಳೆದ. ಕೊನೆಯ ಋತುವಾದ 1965–66ರಲ್ಲಿ 47 ಪಂದ್ಯಗಳಿಂದ 38 ಗೋಲು, ಒಟ್ಟು 94 ಅಂಕ. ಅದೇ ವರ್ಷ ತಂಡಕ್ಕೆ ಒಂಟಾರಿಯೋ ಪ್ರಶಸ್ತಿಯೂ ಬಂತು, ಆದರೆ ಮೆಮೋರಿಯಲ್ ಕಪ್ ಫೈನಲ್‌ನಲ್ಲಿ ಎಡ್ಮಂಟನ್ ಆಯಿಲ್ ಕಿಂಗ್ಸ್ ಎದುರು ಸೋಲಾಯಿತು. ಓರ್ ತೊಟ್ಟಿದ್ದ 2ನೆಯ ಸಂಖ್ಯೆಯನ್ನು 2008ರಲ್ಲಿ ತಂಡ ನಿವೃತ್ತಿಗೊಳಿಸಿತು.

ಮನೆಬಿಟ್ಟು ಬರುವ ಹುಡುಗರು ಎಲ್ಲಿ ಇರುತ್ತಾರೆ? ಹಾಸ್ಟೆಲ್‌ನಲ್ಲಲ್ಲ, ಊರಿನವರ ಮನೆಗಳಲ್ಲಿ. ಇಂಥ ಮನೆಯನ್ನು ‘ಬಿಲೆಟ್’ ಎನ್ನುತ್ತಾರೆ. ಸೈನಿಕರನ್ನು ಊರಮನೆಗಳಲ್ಲಿ ಇಳಿಸುವ ಪದ್ಧತಿಯಿಂದ ಬಂದ ಮಾತು. ಊಟ, ಕೋಣೆ, ಶಾಲೆಯ ಗದರಿಕೆ ಎಲ್ಲ ಆ ಮನೆಯದೇ. ನಮ್ಮ ಹಳೆಯ ತಲೆಮಾರಿನ ವಾರಾನ್ನ ನೆನಪಾಗುತ್ತದೆ, ಆದರೆ ಇಲ್ಲಿ ದಿನಕ್ಕೊಂದು ಮನೆ ಅಲೆಯಬೇಕಾಗಿಲ್ಲ. ಹುಡುಗ ವರ್ಷವಿಡೀ ಒಂದೇ ಮನೆಯವನು. ಅವನು ಹೊರಟ ಮೇಲೆ ಅದೇ ಕೋಣೆಗೆ ಇನ್ನೊಬ್ಬ ಬರುತ್ತಾನೆ. ತಂಡ ‘ಊರಿನದು’ ಎನ್ನುವುದಕ್ಕೆ ಅರ್ಥ ಬರುವುದು ಗ್ಯಾಲರಿಯ ಕೂಗಿನಿಂದಲ್ಲ, ಈ ಕೋಣೆಗಳಿಂದ ಎಂದು ನಾನು ಹೇಳುತ್ತೇನೆ.

ಲಿಂಡ್ರೋಸ್ ಪ್ರಕರಣ ಇನ್ನೊಂದು ಬಗೆಯದು. ಲೀಗ್‌ನ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ 1989ರ ಆಯ್ಕೆಯಲ್ಲಿ ಅವನನ್ನು ಮೊದಲಿಗನಾಗಿ ಪಡೆದದ್ದು ಸೂ ಸೇಂಟ್ ಮೆರೀ ತಂಡ. ಅಷ್ಟು ದೂರದ ಊರಿಗೆ ಹೋಗುವುದಿಲ್ಲವೆಂದು ಕೂತ. ಕೊನೆಗೆ ಲೀಗ್ ನಿಯಮವನ್ನೇ ಬದಲಿಸಿ ಅವನನ್ನು ಓಶಾವಾಕ್ಕೆ ಬಿಟ್ಟುಕೊಟ್ಟರು. 1990ರಲ್ಲಿ ಹ್ಯಾಮಿಲ್ಟನ್‌ನಲ್ಲಿ ಕಿಚನರ್ ವಿರುದ್ಧದ ಮೆಮೋರಿಯಲ್ ಕಪ್ ಫೈನಲ್ ಎರಡನೆಯ ಹೆಚ್ಚುವರಿ ಅವಧಿಗೆ ಹೋಯಿತು. 4–3ರಿಂದ ಗೆದ್ದರು. ಗೆಲುವಿನ ಗೋಲು ಲಿಂಡ್ರೋಸ್‌ನದಲ್ಲ, ಬಿಲ್ ಆರ್ಮ್‌ಸ್ಟ್ರಾಂಗ್ ಎಂಬ ರಕ್ಷಣಾ ಆಟಗಾರನದು. ಮುಂದೆ ಈ ಜನರಲ್ಸ್ ಹುಡುಗ ಎನ್‌ಎಚ್‌ಎಲ್ ತಂಡವೊಂದರ ಜನರಲ್ ಮ್ಯಾನೇಜರ್ ಆದ.

ತಂಡದ ಮೇಲಿನ ಪ್ರೀತಿಯಲ್ಲಿ ಒಂದು ಕಟುಸತ್ಯ ಮರೆಯಾಗಬಾರದು: ವಯಸ್ಸು ಮುಗಿಯುವ ಮೊದಲೇ ಹುಡುಗರನ್ನು ತಂಡವೇ ಬೇರೆ ತಂಡಕ್ಕೆ ದಾಟಿಸುತ್ತದೆ. ಟವಾರೆಸ್‌ಗಾಗಿ 2005ರಲ್ಲಿ ಲೀಗ್ ‘ಅಸಾಧಾರಣ ಆಟಗಾರ’ ಎಂಬ ಹೊಸ ವಯಸ್ಸಿನ ವಿನಾಯಿತಿಯನ್ನೇ ತಂದಿತ್ತು. ಹದಿನಾರರ ಪ್ರಾಯದಲ್ಲಿ ಒಂದೇ ಋತುವಿಗೆ 72 ಗೋಲು ಹೊಡೆದು ಐಸ್ ಹಾಕಿಯ ದಂತಕತೆ ವೇಯ್ನ್ ಗ್ರೆಟ್ಸ್‌ಕಿ ಅದೇ ಪ್ರಾಯದಲ್ಲಿ ಮಾಡಿದ್ದ ದಾಖಲೆ ಮುರಿದ. ಅಂಥವನನ್ನೂ 2009ರ ಜನವರಿಯಲ್ಲಿ ಲಂಡನ್ ನೈಟ್ಸ್‌ಗೆ (ಇಂಗ್ಲೆಂಡಿನದಲ್ಲ, ಒಂಟಾರಿಯೋದ ಲಂಡನ್) ಕೊಟ್ಟುಬಿಟ್ಟರು. ಹೇಗೂ ಹೋಗುವವನು, ಅವನಿಗೆ ಪ್ರತಿಯಾಗಿ ಮುಂದಿನ ಪೀಳಿಗೆಯ ಹುಡುಗರಾದರೂ ಬರಲಿ ಎಂಬ ಲೆಕ್ಕ. 2015ರಲ್ಲಿ ಕ್ವಿಬೆಕ್ ನಗರದಲ್ಲಿ ಕೆಲೋನಾ ವಿರುದ್ಧ 2–1ರಿಂದ ಐದನೆಯ ಮೆಮೋರಿಯಲ್ ಕಪ್ ಗೆದ್ದಾಗ ಎರಡೂ ಗೋಲು ಹದಿನೇಳರ ಆಂಟನಿ ಸಿರೆಲಿಯವು. ಲೀಗ್‌ನ ಆಯ್ಕೆಯಲ್ಲಿ ಯಾರೂ ಕರೆಯದೆ ಬಿಟ್ಟಿದ್ದ ಹುಡುಗ ಅವನು. ಎರಡು ವರ್ಷ ತುಂಬುವ ಮೊದಲೇ ಅವನನ್ನೂ ಇದೇ ಲೀಗ್‌ನ ಈರಿ ಆಟರ್ಸ್ ತಂಡಕ್ಕೆ ಕಳುಹಿಸಿದರು. ಅಲ್ಲಿ ಅವನು 2017ರ ಲೀಗ್ ಪ್ರಶಸ್ತಿಯ ಗೆಲುವಿನ ಗೋಲು ಹೊಡೆದ.

ಹೆಸರು ಕೊಟ್ಟ ಕಂಪನಿಯ ಗತಿ? 2006ರಲ್ಲಿ ತೆರೆದ ಹೊಸ ಅಂಗಣಕ್ಕೆ ಜನರಲ್ ಮೋಟರ್ಸ್ ಸೆಂಟರ್ ಎಂದೇ ಹೆಸರಿತ್ತು. ಹತ್ತು ವರ್ಷಕ್ಕೆ ಫಲಕ ಬದಲಾಗಿ ಟ್ರಿಬ್ಯೂಟ್ ಕಮ್ಯುನಿಟೀಸ್ ಸೆಂಟರ್ ಆಯಿತು. 2019ರ ಡಿಸೆಂಬರ್‌ನಲ್ಲಿ ಕಾರ್ಖಾನೆಯ ಜೋಡಣಾ ಸಾಲು ನಿಂತೇಹೋಯಿತು. 2021ರ ಕೊನೆಗೆ ಪಿಕಪ್ ಟ್ರಕ್‌ಗಳಿಗಾಗಿ ಮತ್ತೆ ತೆರೆಯಿತು. ಸಾಲು ನಿಂತಿದ್ದ ದಿನಗಳಲ್ಲೂ ತಂಡದ ಹೆಸರು ಜನರಲ್ಸ್ ಎಂದೇ ಇತ್ತು.

2024 ಮತ್ತು 2025ರಲ್ಲಿ ಎರಡು ಸಲವೂ ಲೀಗ್ ಫೈನಲ್‌ನಲ್ಲಿ ಅದೇ ಲಂಡನ್ ನೈಟ್ಸ್‌ಗೆ ಸೋತರು. ಆ ಹುಡುಗರಲ್ಲಿ ಹೆಚ್ಚಿನವರು, ಸಿರೆಲಿ ಗೋಲು ಹೊಡೆದಾಗ ಪ್ರಾಥಮಿಕ ಶಾಲೆಯಲ್ಲಿದ್ದವರು. ಮುಂದಿನ ಸಲ ಮಗನ ಮನೆಗೆ ಹೋದರೆ ಟಿಕೆಟ್ ಮೊದಲೇ ತೆಗೆದಿಡಿ. ನೀವು ನೋಡಿದ ಹುಡುಗರಲ್ಲಿ ಅರ್ಧದಷ್ಟು ಮಂದಿ ಅಲ್ಲಿರುವುದಿಲ್ಲ. 2 ಮತ್ತು 88 ತೊಟ್ಟವರು ಯಾರೂ ಕಾಣದಿದ್ದರೆ ಅಚ್ಚರಿಪಡಬೇಡಿ, ಓರ್ ಮತ್ತು ಲಿಂಡ್ರೋಸ್ ತೊಟ್ಟಿದ್ದ ಆ ಎರಡು ಸಂಖ್ಯೆಗಳನ್ನು ಇನ್ನು ಯಾರಿಗೂ ಕೊಡುವುದಿಲ್ಲ.